ಹಬ್ಬದ ಸಿಹಿ ಕೊಳ್ಳುವ ಮುನ್ನ ಪಾಕದ ಬಗ್ಗೆ ಒಂದಿಷ್ಟು

ಮಾನ್ಯ ಸಂಪಾದಕರೇ,

ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಕಳೆಯಿತೆಂದರೆ ಕೊಡಗಿನ ಪೇಟೆಗಳಲ್ಲಿ ಸಿಹಿ ವ್ಯಾಪಾರ ಚುರುಕಾಗುತ್ತದೆ. ಮಡಿಕೇರಿ, ಗೋಣಿಕೊಪ್ಪಲಿನ ದಸರಾ, ತುಲಾ ಸಂಕ್ರಮಣ, ದೀಪಾವಳಿ, ಆಮೇಲೆ ಸುಗ್ಗಿಯ ಹಬ್ಬ ಪುತ್ತರಿ. ಈ ಮೂರು ತಿಂಗಳು ಹಳೆಯ ಮಿಠಾಯಿ ಅಂಗಡಿಗಳ ಒಲೆ ಆರುವುದೇ ಇಲ್ಲ. ಇದೇ ಹೊತ್ತಿಗೆ ಎರಡು ದೂರುಗಳೂ ತಪ್ಪದೆ ಕೇಳಿಬರುತ್ತವೆ: ಮೈಸೂರು ಪಾಕ್ ಕಲ್ಲಾಗಿತ್ತು, ಪೇಡ ಮೂರನೇ ದಿನಕ್ಕೆ ಬೂಸ್ಟು ಹಿಡಿಯಿತು. ದೂರು ಸುಳ್ಳಲ್ಲ. ಆದರೆ ಅದರಲ್ಲಿ ಅಂಗಡಿಯವರ ತಪ್ಪೆಷ್ಟು, ನಮ್ಮ ಊರಿನ ಹವೆಯ ಪಾಲೆಷ್ಟು, ಕೊಳ್ಳುವವರ ಅವಸರದ ಪಾಲೆಷ್ಟು ಎಂದು ಯಾರೂ ಬಿಡಿಸಿ ನೋಡುವುದಿಲ್ಲ. ಹಳೆಯ ಅಂಗಡಿಯನ್ನು ಬಿಟ್ಟು, ತಿಂಗಳುಗಟ್ಟಲೆ ಕೆಡದ ಡಬ್ಬಿಯ ಸಿಹಿಗೆ ಹೋಗಿಬಿಡುತ್ತಾರೆ. ಗಿರಾಕಿ ಬಯಸಿದ್ದು ಅದೇ ಎಂದು ಅಂಗಡಿಯವರೂ ಬಣ್ಣ, ಎಸೆನ್ಸು, ಹೊಳೆಯುವ ಡಬ್ಬಿಯ ಕಡೆ ವಾಲುತ್ತಾರೆ. ಇದು ನಿಲ್ಲಬೇಕೆಂಬ ಕಾಳಜಿಯಿಂದ, ಈ ಕೆಲಸ ಬಲ್ಲವರಾಗಿ ಕೆಲವು ವಿಷಯಗಳನ್ನು ಓದುಗರ ಮುಂದಿಡುತ್ತಿದ್ದೇವೆ.

ಮೊದಲು ಪಾಕದ ಮಾತು. ಮೈಸೂರು ಪಾಕ್, ಲಾಡು, ಜಿಲೇಬಿ, ಬಾದೂಷಾ, ಕೊಬ್ಬರಿ ಮಿಠಾಯಿ ಎಲ್ಲದರ ಹಣೆಬರಹ ಪಾಕದಲ್ಲೇ ಇದೆ. ಸಕ್ಕರೆ ನೀರು ಕುದಿಯುತ್ತಾ ಹೋದಂತೆ ನೀರು ಆರಿ ಸಕ್ಕರೆಯ ಪಾಲು ಏರುತ್ತದೆ, ಅದರೊಂದಿಗೆ ಅದು ಕುದಿಯುವ ಉಷ್ಣತೆಯೂ ಏರುತ್ತದೆ. ಮಂಗಳೂರಿನಂಥ ಕಡಲ ಮಟ್ಟದ ಊರಿನಲ್ಲಿ ಒಂದೆಳೆ ಪಾಕ, ಅಂದರೆ ಬೆರಳುಗಳ ನಡುವೆ ಒಂದು ದಾರ ನಿಲ್ಲುವ ಹದ, ಸುಮಾರು 105 ಡಿಗ್ರಿ ಸೆಲ್ಸಿಯಸ್‌ಗೆ ಬರುತ್ತದೆ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಇಲ್ಲಿ ಬರೀ ನೀರೇ 96 ಡಿಗ್ರಿಯ ಆಸುಪಾಸಿನಲ್ಲಿ ಕುದಿದುಬಿಡುತ್ತದೆ. ಹಾಗಾಗಿ ನಮ್ಮಲ್ಲಿ ಒಂದೆಳೆ ಬರುವುದು 101ರ ಸುತ್ತಮುತ್ತ. ಪುಸ್ತಕದಲ್ಲೋ ಮೊಬೈಲಿನಲ್ಲೋ ನೋಡಿದ 105ಕ್ಕೆ ಕಾದು ಕೂತರೆ ಪಾಕ ಎರಡೆಳೆಯನ್ನೂ ದಾಟಿರುತ್ತದೆ. ಮನೆಯಲ್ಲಿ ಮಾಡಿದ ಮೈಸೂರು ಪಾಕ್ ಕಲ್ಲಾಗುವುದಕ್ಕೆ ಮಡಿಕೇರಿ, ಭಾಗಮಂಡಲ, ಸೋಮವಾರಪೇಟೆ ಕಡೆ ಇದೊಂದು ದೊಡ್ಡ ಕಾರಣ. ಥರ್ಮಾಮೀಟರ್ ಬಳಸುವವರು ಮೊದಲು ಬರೀ ನೀರು ಕುದಿಸಿ ಎಷ್ಟು ಡಿಗ್ರಿ ತೋರಿಸುತ್ತದೆ ನೋಡಿಕೊಳ್ಳಬೇಕು. ನೂರಕ್ಕೆ ಎಷ್ಟು ಕಡಿಮೆಯೋ ಅಷ್ಟನ್ನು ಬರೆದ ಲೆಕ್ಕದಿಂದ ಕಳೆಯಬೇಕು.

ಹಳೆಯ ಅಂಗಡಿಗಳ ಭಟ್ಟರು ಈ ಲೆಕ್ಕಕ್ಕೆ ಹೋಗುವುದಿಲ್ಲ. ಅವರ ಬೆರಳು ಎತ್ತರಕ್ಕೆ ಮೋಸ ಹೋಗುವುದಿಲ್ಲ. ಸಟ್ಟುಗದ ತುದಿಯಿಂದ ಒಂದು ಹನಿ ಪಾಕವನ್ನು ತಟ್ಟೆಗೆ ಬಿಟ್ಟು, ನಾಲ್ಕೈದು ಸೆಕೆಂಡು ಆರಲು ಬಿಟ್ಟು, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಮೆಲ್ಲಗೆ ಅಗಲಿಸುತ್ತಾರೆ. ಒಂದು ಸೆಂಟಿಮೀಟರ್‌ವರೆಗೆ ಕಡಿಯದೆ ಒಂದೇ ದಾರ ನಿಂತರೆ ಒಂದೆಳೆ. ಬೆರಳಿಗೆ ಬರೀ ಅಂಟಿ ದಾರ ಬಾರದಿದ್ದರೆ ಇನ್ನೂ ಹಸಿ, ಎರಡು ದಾರ ಎದ್ದರೆ ಕೈ ಮೀರುತ್ತಿದೆ. ಬೆರಳು ಒದ್ದೆಯಿದ್ದರೆ ಈ ಪರೀಕ್ಷೆ ಸುಳ್ಳು ಹೇಳುತ್ತದೆ. ಮಳೆಗಾಲದಲ್ಲಿ ಕೈ ಒರೆಸಿಕೊಳ್ಳಲು ಭುಜದ ಮೇಲೆ ಒಣಬಟ್ಟೆ ಇರುವುದು ಇದಕ್ಕೇ. ಎಳೆ ನೋಡುವಾಗ ಉರಿ ಸಣ್ಣದಾಗಿರಬೇಕು. ಒಂದೆಳೆಯಿಂದ ಎರಡೆಳೆಗೆ ಹೋಗಲು ಪಾಕಕ್ಕೆ ಹೆಚ್ಚು ಹೊತ್ತು ಬೇಡ.

ಪಾಕ ಸಕ್ಕರೆಗಟ್ಟುವುದು ಇನ್ನೊಂದು ತೊಂದರೆ. ಬಾಣಲೆಯ ಅಂಚಿಗೆ ಸಿಡಿದ ಪಾಕ ಅಲ್ಲೇ ಒಣಗಿ ಹರಳಾಗುತ್ತದೆ. ಅದರಲ್ಲಿ ಒಂದು ಕಣ ಕೆಳಗೆ ಜಾರಿದರೂ ಸಾಕು, ಇಡೀ ಪಾಕ ಮರಳಾಗುತ್ತದೆ. ಕುದಿ ಬಂದ ಮೇಲೆ ಕದಡದೆ, ಅಂಚನ್ನು ಒದ್ದೆ ಬಟ್ಟೆಯಿಂದ ಆಗಾಗ ಒರೆಸುತ್ತಿರಬೇಕು. ಸಕ್ಕರೆಯ ಕೊಳೆ ತೆಗೆಯಲು ಕಿಲೋಗೆ ಎರಡು ಚಮಚ ಹಾಲು ಸಾಕು. ನೊರೆಯ ಜೊತೆ ಮೇಲೆದ್ದು ಬರುತ್ತದೆ, ಸೌಟಿನಿಂದ ತೆಗೆಯಬಹುದು. ಜಿಲೇಬಿ, ಜಾಮೂನು, ಲಾಡುವಿನ ಪಾಕಕ್ಕೆ ಕೆಲವು ಹನಿ ನಿಂಬೆರಸ ಹಿಂಡುತ್ತಾರಲ್ಲ, ಹುಳಿಗೆ ಸಕ್ಕರೆಯ ಒಂದು ಪಾಲು ಒಡೆದು ಹರಳುಗಟ್ಟುವುದು ತಡೆಯುತ್ತದೆ. ಆದರೆ ಮೈಸೂರು ಪಾಕಿಗೆ ನಿಂಬೆ ಹಿಂಡಬಾರದು. ಅದರ ಗಟ್ಟಿತನವೇ ಸಕ್ಕರೆ ಮತ್ತೆ ಹರಳುಗಟ್ಟುವುದರಿಂದ ಬರುತ್ತದೆ.

ಮೈಸೂರು ಪಾಕಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಹಳೆಯ ಅಂಗಡಿಯೊಂದರ ಕೈಗುಣ ತಿಳಿಯುವುದು ಇದರಲ್ಲೇ. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಬಾಣಸಿಗರಾಗಿದ್ದ ಕಾಕಾಸುರ ಮಾದಪ್ಪ ಇದನ್ನು ಮೊದಲು ಮಾಡಿದರೆಂದು ಎಲ್ಲರೂ ಹೇಳುತ್ತಾರೆ. ಅವರ ವಂಶದವರ ಅಂಗಡಿ ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲಿ ಇಂದಿಗೂ ಇದೆ. ಬೇಕಾಗುವುದು ಮೂರೇ ಸಾಮಾನು. ಕಡಲೆ ಹಿಟ್ಟು 250 ಗ್ರಾಂ ಇದ್ದರೆ ಸಕ್ಕರೆ 500 ಗ್ರಾಂ, ತುಪ್ಪ 500 ಗ್ರಾಂಗೆ ಕಡಿಮೆಯಿಲ್ಲದೆ, ನೀರು ಒಂದು ಲೋಟ. ಹಿಟ್ಟನ್ನು ಎರಡು ಸಲ ಜರಡಿ ಹಿಡಿದು, ಹಸಿ ವಾಸನೆ ಹೋಗುವಷ್ಟು ಮಾತ್ರ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಬೇಕು. ಮಳೆಗಾಲದಲ್ಲಿ ಮೂಟೆಯ ಹಿಟ್ಟು ತೇವ ಹೀರಿ ಗಂಟುಗಂಟಾಗಿರುತ್ತದೆ. ಜರಡಿ ಹಿಡಿಯದೆ ಸುರಿದರೆ ಆ ಗಂಟುಗಳು ಪಾಕದಲ್ಲಿ ಒಡೆಯುವುದಿಲ್ಲ, ಕೊನೆಗೆ ತುಂಡಿನ ಒಳಗೆ ಬಿಳಿ ಚುಕ್ಕೆಗಳಾಗಿ ಉಳಿದು ಹಲ್ಲಿಗೆ ಹಸಿ ಹಿಟ್ಟು ಸಿಗುತ್ತದೆ.

ಒಂದೆಳೆ ಬಂದ ಪಾಕಕ್ಕೆ ಹಿಟ್ಟನ್ನು ಸ್ವಲ್ಪ ಸ್ವಲ್ಪ ಉದುರಿಸಿ ತಿರುವಿದ ಮೇಲೆ ತುಪ್ಪದ ಸರದಿ. ಪಕ್ಕದ ಒಲೆಯಲ್ಲಿ ತುಪ್ಪ ಕಾಯುತ್ತಲೇ ಇರಬೇಕು. ಒಂದು ಸೌಟು ಹಾಕಿದಾಗ ಚುಂಯ್ ಎಂದು ಸದ್ದಾಗಿ ಹಿಟ್ಟು ಉಬ್ಬಿ ನೊರೆಯಾಗುತ್ತದೆ. ಅದು ಇಂಗಿದ ಮೇಲೆ ಇನ್ನೊಂದು ಸೌಟು. ಕಾದ ತುಪ್ಪ ತಗುಲಿದೊಡನೆ ಪಾಕದೊಳಗಿನ ನೀರು ಆವಿಯಾಗಿ ಹೊರಗೆ ನುಗ್ಗುತ್ತದೆ. ತುಂಡು ಮುರಿದಾಗ ಕಾಣುವ ಜೇನುಗೂಡಿನಂಥ ತೂತುಗಳು ಆ ಆವಿ ಹೋದ ದಾರಿಗಳು. ತುಪ್ಪ ಆರಿದ್ದರೆ ಸದ್ದಿಲ್ಲ, ನೊರೆಯಿಲ್ಲ, ತೂತೂ ಇಲ್ಲ. ತುಪ್ಪ ಬರೀ ಎಣ್ಣೆಯಂತೆ ಸುತ್ತ ನಿಂತು, ಸಿಹಿ ಮುದ್ದೆಯಾಗುತ್ತದೆ. ಮಡಿಕೇರಿಯ ಚಳಿಯಲ್ಲಿ ಕೆಳಗಿಳಿಸಿಟ್ಟ ತುಪ್ಪ ಬೇಗ ಆರುತ್ತದೆ. ಇಲ್ಲಿನ ಅಂಗಡಿಗಳಲ್ಲಿ ಈ ಕೆಲಸಕ್ಕೆ ಎರಡು ಒಲೆ ಬೇಕೇಬೇಕು ಎನ್ನುವುದು ಸುಮ್ಮನೆ ಹೇಳುವ ಮಾತಲ್ಲ.

ಇಡೀ ಮುದ್ದೆ ಬಾಣಲೆಯ ಅಂಚು ಬಿಟ್ಟು, ಕುಡಿದ ತುಪ್ಪವನ್ನು ಮತ್ತೆ ಹೊರಗೆ ಬಿಡಲು ಶುರುಮಾಡಿ, ಹಳದಿ ನೊರೆಯ ನಡುವೆ ತುಸು ಕಂದು ಇಣುಕಿದ ಕ್ಷಣವೇ ಇಳಿಸಬೇಕು. ಅರ್ಧ ನಿಮಿಷ ಮೊದಲಾದರೆ ಮೆತ್ತಗೆ ಕೂರುತ್ತದೆ, ಅರ್ಧ ನಿಮಿಷ ತಡವಾದರೆ ಕತ್ತರಿಸುವಾಗ ಪುಡಿಯಾಗುತ್ತದೆ. ಆಳವಾದ ತಟ್ಟೆಗೆ ಒಂದೇ ಸಲಕ್ಕೆ ಸುರಿದು ಹಾಗೇ ಬಿಡಬೇಕು. ಮೇಲ್ಭಾಗ ಚೆಂದ ಕಾಣಲೆಂದು ಸಟ್ಟುಗದಿಂದ ಒತ್ತಿದರೆ ತೂತುಗಳು ಮುಚ್ಚಿ ಇಟ್ಟಿಗೆಯಾಗುತ್ತದೆ. ತಟ್ಟೆಯ ಮೇಲೆ ಕೆಳಗೆ ಬೇಗ ಆರಿ ಹಳದಿಯಾಗಿ ಉಳಿಯುತ್ತದೆ, ನಡುವೆ ಶಾಖ ಸಿಕ್ಕಿಬಿದ್ದು ಬೇಯುತ್ತಲೇ ಇರುವುದರಿಂದ ಆ ಪದರ ಕೆಂಪಗಾಗುತ್ತದೆ. ಅಂಗಡಿಯಲ್ಲಿ ತುಂಡನ್ನು ಅಡ್ಡಕ್ಕೆ ನೋಡಿ. ಹಳದಿ, ನಡುವೆ ಕಂದು, ಮತ್ತೆ ಹಳದಿ, ಜೊತೆಗೆ ನೆಟ್ಟಗೆ ಮೇಲೇರಿದ ತೂತುಗಳು. ಇಷ್ಟು ಕಂಡರೆ ಒಳಗೆ ಬಾಣಲೆ ಹಿಡಿದವರ ಕೈ ಬಲಿತದ್ದು ಎಂದೇ ಅರ್ಥ. ಒಂದೇ ಬಣ್ಣದ, ತೂತಿಲ್ಲದ ನುಣುಪಾದ ಮೈಸೂರು ಪಾಕ್ ಬೇರೆಯದೇ ಜಾತಿ. ಅದಕ್ಕೆ ತುಪ್ಪ ಹೆಚ್ಚು, ಇಳಿಸುವುದೂ ಬೇಗ. ಅದೂ ಒಳ್ಳೆಯದೇ. ಆದರೆ ಗಟ್ಟಿ ಮೈಸೂರು ಪಾಕ್ ಕೇಳಿ ಮನೆಗೆ ಒಯ್ದು, ಮೆತ್ತಗಿಲ್ಲವೆಂದು ಬೈಯುವುದು ನ್ಯಾಯವಲ್ಲ.

ಇನ್ನೊಂದು ಮಾತು ಕೊಡಗಿನವರೆಲ್ಲ ನೆನಪಿಡಬೇಕಾದದ್ದು. ಡಿಸೆಂಬರ್, ಜನವರಿಯ ಬೆಳಿಗ್ಗೆ ಇಲ್ಲಿನ ಚಳಿಗೆ ತುಪ್ಪ ಹೆಪ್ಪುಗಟ್ಟುತ್ತದೆ. ಒಳ್ಳೆಯ ತುಪ್ಪದ ಮೈಸೂರು ಪಾಕ್ ಆ ಹೊತ್ತಿನಲ್ಲಿ ಗಟ್ಟಿಯಾಗಿರಲೇಬೇಕು. ಪುತ್ತರಿಗೆ ತಂದ ಸಿಹಿ ಕಲ್ಲಾಯಿತೆನ್ನುವವರು ಡಬ್ಬಿಯನ್ನು ಅನ್ನ ಬೆಂದ ಪಾತ್ರೆಯ ಮುಚ್ಚಳದ ಮೇಲೆ ಹತ್ತು ನಿಮಿಷ ಇಟ್ಟು ನೋಡಲಿ. ತುಪ್ಪದ್ದಾದರೆ ಸಡಿಲಗೊಂಡು ಪರಿಮಳ ಬಿಡುತ್ತದೆ. ಪಾಕ ಮೀರಿದ್ದರೆ ಎಷ್ಟು ಬೆಚ್ಚಗಾದರೂ ಗಟ್ಟಿಯಾಗಿಯೇ ಉಳಿಯುತ್ತದೆ. ಆಗ ಅಂಗಡಿಯವರನ್ನು ಕೇಳಬಹುದು. ವನಸ್ಪತಿಯದ್ದನ್ನು ತಿಳಿಯಲು ಸಣ್ಣ ಚೂರನ್ನು ಬೆರಳುಗಳ ನಡುವೆ ಉಜ್ಜಿ ಮೂಸಬೇಕು. ತುಪ್ಪ ಬೆರಳ ಬಿಸಿಗೇ ಕರಗಿ ವಾಸನೆ ಬಿಡುತ್ತದೆ. ವನಸ್ಪತಿ ಬೆರಳಿಗೆ ಮೇಣದಂತೆ ಅಂಟುತ್ತದೆ, ತಿಂದ ಮೇಲೆ ಅಂಗುಳಿಗೆ ಪೊರೆ ಕಟ್ಟಿದಂತಿರುತ್ತದೆ.

ಹಾಲಿನ ಸಿಹಿಯ ಬಗ್ಗೆ ಹೆಚ್ಚಿನ ಎಚ್ಚರ ಬೇಕು. ಐದು ಲೀಟರ್ ಹಸುವಿನ ಹಾಲನ್ನು ಕೈಬಿಡದೆ ತಿರುವಿ ಇಂಗಿಸಿದರೆ ಸಿಗುವುದು 900 ಗ್ರಾಂ ಆಸುಪಾಸು ಖೋವಾ, ಎಮ್ಮೆ ಹಾಲಾದರೆ ಒಂದು ಕಿಲೋ ದಾಟುತ್ತದೆ. ಒಂದು ಕಿಲೋ ಪೇಡದಲ್ಲಿ ಮುಕ್ಕಾಲು ಕಿಲೋಗೂ ಮಿಕ್ಕಿ ಖೋವಾ ಇರಬೇಕು. ಅಂದರೆ ಹಾಲೇ ನಾಲ್ಕು ಲೀಟರಿಗೂ ಹೆಚ್ಚು. ಅಂದಿನ ಹಾಲಿನ ದರವನ್ನು ನಾಲ್ಕರಿಂದ ಗುಣಿಸಿ, ಸಕ್ಕರೆ, ಗ್ಯಾಸು, ಕೂಲಿ ಸೇರಿಸಿ. ಅದಕ್ಕಿಂತ ಕಡಿಮೆ ಬೆಲೆಗೆ ಹಾಲುಪೇಡ ಮಾರುತ್ತಿದ್ದರೆ ಅದರಲ್ಲಿರುವುದೆಲ್ಲ ಹಾಲಾಗಿರಲಾರದು. ಮೈದಾವೋ ಜೋಳದ ಹಿಟ್ಟೋ ಹಾಲಿನ ಪುಡಿಯೋ ಸೇರಿರಬಹುದು. ಹಿಟ್ಟು ಬೆರೆತಿದೆಯೇ ಎಂದು ಮನೆಯಲ್ಲೇ ನೋಡಲು ಬರುತ್ತದೆ: ಕಡಲೆಕಾಳಿನಷ್ಟು ಪೇಡವನ್ನು ಸ್ವಲ್ಪ ನೀರಿನಲ್ಲಿ ಕುದಿಸಿ, ಪೂರಾ ಆರಿದ ಮೇಲೆ ಔಷಧಿ ಅಂಗಡಿಯ ಟಿಂಕ್ಚರ್ ಅಯೋಡಿನ್ ಎರಡು ಹನಿ ಹಾಕಬೇಕು. ನೀಲಿಗೆ ತಿರುಗಿದರೆ ಹಿಟ್ಟು ಇದೆ. ಬಿಸಿ ಇರುವಾಗಲೇ ಹಾಕಿದರೆ ಬಣ್ಣ ಕಾಣಿಸದೆ ಹೋಗಬಹುದು. ಪರೀಕ್ಷೆ ಮಾಡಿದ ಚೂರನ್ನು ತಿನ್ನಬಾರದು.

ಕೊಡಗಿನ ಮಳೆಗಾಲದಲ್ಲಿ ಪೇಡ ಏಕೆ ಬೇಗ ಕೆಡುತ್ತದೆ? ಖೋವಾದಲ್ಲಿ ನೀರಿನಂಶ ಇದ್ದೇ ಇದೆ. ಜೊತೆಗೆ ಗಾಳಿಯ ತೇವ 85 ಶೇಕಡಾ ದಾಟಿದರೆ ಸಕ್ಕರೆಯೇ ಗಾಳಿಯಿಂದ ನೀರು ಹೀರತೊಡಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ದಿನವಿಡೀ ಅಂಥದೇ ಹವೆ. ಪೇಡದ ಮೇಲ್ಮೈ ಮೊದಲು ಬೆವರುತ್ತದೆ, ಆಮೇಲೆ ಬೂಸ್ಟು. ಬೆಲ್ಲದ ಸಿಹಿ ಸಕ್ಕರೆಯದಕ್ಕಿಂತ ಬೇಗ ನೀರೊಡೆಯುತ್ತದೆ. ಬಿಸಿ ಆರದ ಸಿಹಿಯನ್ನು ಡಬ್ಬಿಗೆ ತುಂಬಿ ಮುಚ್ಚಿದರೆ ಇದೆಲ್ಲ ಇನ್ನೂ ಬೇಗ. ಒಳಗಿನ ಆವಿ ಮುಚ್ಚಳಕ್ಕೆ ತಗುಲಿ ಹನಿಯಾಗಿ ಸಿಹಿಯ ಮೇಲೇ ಬೀಳುತ್ತದೆ. ಅವಸರದ ಗಿರಾಕಿಗಳು ಬಿಸಿಬಿಸಿಯೇ ಕಟ್ಟಿಕೊಡಿ ಎಂದು ಒತ್ತಾಯಿಸುತ್ತಾರೆ. ಅಲ್ಲೇ ತಿನ್ನುವುದಾದರೆ ಸರಿ, ಪೊನ್ನಂಪೇಟೆಗೋ ನಾಪೋಕ್ಲಿಗೋ ಒಯ್ಯುವುದಾದರೆ ಆರುವವರೆಗೆ ಕಾಯಬೇಕು, ಇಲ್ಲವೇ ಮುಚ್ಚಳ ಓರೆಯಾಗಿಟ್ಟು ಒಯ್ಯಬೇಕು. ಫ್ರಿಜ್ಜಿನಿಂದ ತೆಗೆದ ಪೇಡದ ಡಬ್ಬಿಯನ್ನು ತಕ್ಷಣ ತೆರೆಯಬಾರದು. ಹೊರಗಿನ ಒದ್ದೆ ಗಾಳಿ ತಣ್ಣನೆಯ ಪೇಡದ ಮೇಲೆ ಇಬ್ಬನಿಯಂತೆ ಕೂರುತ್ತದೆ. ಮುಚ್ಚಿದ ಡಬ್ಬಿಯಲ್ಲೇ ಅರ್ಧ ಗಂಟೆ ಬಿಟ್ಟು ಆಮೇಲೆ ತೆರೆಯಿರಿ.

ಎಷ್ಟು ದಿನ ಇಡಬಹುದೆಂಬುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ಮಾರ್ಗಸೂಚಿಯೂ ಇದೆ. ಕಲಾಕಂದ್ ಅಂದೇ ಮುಗಿಸಬೇಕು, ರಸಗುಲ್ಲದಂಥ ಬಂಗಾಳಿ ಸಿಹಿಗೆ ಎರಡು ದಿನ, ಖೋವಾದ ಸಿಹಿಗೆ ನಾಲ್ಕು ದಿನ. ನಮ್ಮ ಅಭಿಪ್ರಾಯದಲ್ಲಿ ಮಳೆ ಹಿಡಿದ ದಿನಗಳಲ್ಲಿ ಕೊಡಗಿನವರು ಖೋವಾದ ಸಿಹಿಯನ್ನು ಎರಡೇ ದಿನಕ್ಕೆ ಮುಗಿಸುವುದು ಒಳ್ಳೆಯದು. ಒಂದು ಕಿಲೋ ಬದಲು ಕಾಲು ಕಿಲೋ ಕೊಂಡು, ಬೇಕಾದಾಗ ಮತ್ತೆ ಹೋಗಿ. ಹಳೆಯ ಅಂಗಡಿಯವರು ಕಾಲು ಕಿಲೋ ಗಿರಾಕಿಯನ್ನು ಕೀಳಾಗಿ ಕಾಣುವುದಿಲ್ಲ. ದಿನಾ ಬರುವ ಅಂಥ ಹತ್ತು ಜನರಿಂದಲೇ ಅವರ ತಟ್ಟೆ ದಿನಾ ಖಾಲಿಯಾಗುತ್ತದೆ, ದಿನಾ ಹೊಸದು ಕೂರುತ್ತದೆ.

ಜಿಲೇಬಿಗೂ ಜಹಾಂಗೀರಿಗೂ ವ್ಯತ್ಯಾಸ ತಿಳಿಯದೆ ಎರಡನ್ನೂ ಒಂದೇ ಎಂದು ಕೇಳುವವರು ಬಹಳ. ಜಹಾಂಗೀರು ಉದ್ದಿನ ಬೇಳೆಯದು. ನೆನೆಸಿ, ಆದಷ್ಟು ಕಡಿಮೆ ನೀರಿನಲ್ಲಿ ಬೆಣ್ಣೆಯಂತೆ ರುಬ್ಬಿ, ಹುದುಗಲು ಬಿಡದೆ ಕರಿಯಬೇಕು. ನೀರು ಹೆಚ್ಚಾದರೆ ಹೂವಿನ ಸುರುಳಿ ಎಣ್ಣೆಯಲ್ಲಿ ಹರಡಿ ರೊಟ್ಟಿಯಾಗುತ್ತದೆ. ಜಿಲೇಬಿಯದು ಮೈದಾ, ಮೊಸರು. ಅದರ ಸಣ್ಣ ಹುಳಿ ಹುದುಗಿನಿಂದ ಬರಬೇಕು. ಬಯಲುಸೀಮೆಯಲ್ಲಿ ಒಂದು ರಾತ್ರಿಗೆ ಹುದುಗುವ ಹಿಟ್ಟು ಮಡಿಕೇರಿಯ ಚಳಿಗೆ ಒಂದು ಹಗಲು ಒಂದು ರಾತ್ರಿ ಕೇಳುತ್ತದೆ. ಹಿಟ್ಟಿನ ಪಾತ್ರೆಗೆ ಗೋಣಿ ಸುತ್ತಿ ಒಲೆಯ ಮಗ್ಗುಲಲ್ಲಿ ಇಡುವುದು ಆದ್ದರಿಂದಲೇ. ಅವಸರಕ್ಕೆ ನಿಂಬೆ ಉಪ್ಪು, ಸೋಡಾ ಹಾಕಿದ ಜಿಲೇಬಿಯ ಹುಳಿ ನಾಲಿಗೆಯ ತುದಿಯಲ್ಲೇ ನಿಲ್ಲುತ್ತದೆ. ಒಳಗೆ ಪಾಕ ಕುಡಿಯುವ ಕೊಳವೆಯೂ ಸರಿಯಾಗಿ ಆಗಿರುವುದಿಲ್ಲ. ಒಳ್ಳೆಯ ಜಿಲೇಬಿಯನ್ನು ಮುರಿದರೆ ಸುರುಳಿಯ ಒಳಗೆ ಟೊಳ್ಳು ಕಾಣಬೇಕು, ಆ ಟೊಳ್ಳಿನಲ್ಲಿ ಪಾಕ ನಿಂತಿರಬೇಕು. ಕರಿದದ್ದನ್ನು ಬಿಸಿಯಾಗಿಯೇ ಬೆಚ್ಚನೆಯ ಪಾಕಕ್ಕೆ ಹಾಕಿ ಒಂದು ನಿಮಿಷದೊಳಗೆ ತೆಗೆಯಬೇಕು. ತಣ್ಣನೆಯ ಪಾಕ ಒಳಗೆ ಹೋಗುವುದಿಲ್ಲ, ಕುದಿಯುವ ಪಾಕ ಗರಿಗರಿಯನ್ನು ಕೊಲ್ಲುತ್ತದೆ. ಇದನ್ನು ಕಟ್ಟಿಸಿಕೊಂಡು ಹೋಗುವುದೇ ತಪ್ಪು. ಜಿಲೇಬಿ ಅಂಗಡಿಯ ಮುಂದೆ ನಿಂತು ತಿನ್ನುವ ಸಿಹಿ.

ಕರಿಯುವ ಎಣ್ಣೆಯನ್ನೂ ಒಮ್ಮೆ ನೋಡಿ. ಕಪ್ಪಾಗಿ, ಬದಿಗೆ ಅಂಟು ಹಿಡಿದು, ಏನು ಹಾಕಿದರೂ ನೊರೆ ಇಳಿಯದೆ ನಿಂತರೆ ಅದರ ಆಯುಷ್ಯ ಮುಗಿದಿದೆ. ಕೆಟ್ಟ ಎಣ್ಣೆಯಲ್ಲಿ ಸೇರುವ ಪೋಲಾರ್ ಸಂಯುಕ್ತಗಳು 25 ಶೇಕಡಾ ಮೀರುವಂತಿಲ್ಲ ಎಂದು ನಿಯಮವೇ ಇದೆ.

ಬಣ್ಣದ ವಿಷಯದಲ್ಲಿ ಗಿರಾಕಿಗಳೇ ಮೊದಲು ಬದಲಾಗಬೇಕೆಂದು ನಾವು ದೃಢವಾಗಿ ನಂಬುತ್ತೇವೆ. ಬಣ್ಣ ಕಡಿಮೆ ಹಾಕಿದ ಜಹಾಂಗೀರನ್ನು ಹಳಸಿದ್ದೆಂದುಕೊಂಡು, ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ್ದನ್ನೇ ತೋರಿಸಿ ಕೊಡಿ ಎನ್ನುತ್ತಾರೆ. ಅನುಮತಿಯಿರುವ ಕೃತಕ ಬಣ್ಣವೂ ಕಿಲೋಗೆ 100 ಮಿಲಿಗ್ರಾಂ ಮೀರಬಾರದು. ಅಂದರೆ ಒಂದು ಚಿಟಿಕೆಗೂ ಕಡಿಮೆ. ಕೈಯಳತೆಯಲ್ಲಿ ಚಿಟಿಕೆ ಹಾಕುವವರು ಇದನ್ನು ಸುಲಭವಾಗಿ ಮೀರುತ್ತಾರೆ. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಬಾಂಬೆ ಮಿಠಾಯಿಯಲ್ಲಿ ರೋಡಮೈನ್-ಬಿ ಎಂಬ ಕೈಗಾರಿಕಾ ಬಣ್ಣ ಬಳಸುವುದನ್ನೂ ನಿಷೇಧಿಸಿದ ಮೇಲೆ ಜನರಿಗೆ ಸ್ವಲ್ಪ ಅರಿವು ಬಂದಿದೆ. ಆ ಅರಿವು ಸಿಹಿ ಅಂಗಡಿಯವರೆಗೂ ಬರಲಿ. ಕಡಲೆ ಹಿಟ್ಟಿನ ಹಳದಿ, ಬೆಂದ ಹಾಲಿನ ಕೆನೆಬಣ್ಣ, ಸುಟ್ಟ ಸಕ್ಕರೆಯ ಕಂದು, ಕೇಸರಿ ದಳದ ನಸುಹಳದಿ, ಇವಿಷ್ಟೂ ತಾನಾಗಿ ಬರುವ ಬಣ್ಣಗಳು.

ಗೋಡಂಬಿ ಬರ್ಫಿಯ ಮೇಲಿನ ಬೆಳ್ಳಿ ರೇಕನ್ನು ಬೆರಳಿನಿಂದ ಉಜ್ಜಿದರೆ ನಿಜವಾದದ್ದು ಮಾಯವಾಗುತ್ತದೆ. ಅಲ್ಯೂಮಿನಿಯಂ ಆದರೆ ಸಣ್ಣ ಉಂಡೆಯಾಗಿ ಉರುಳುತ್ತದೆ. ಬೆಳ್ಳಿಗೆ 99.9 ಶೇಕಡಾ ಶುದ್ಧತೆ ಬೇಕು, ರೇಕು ಮಾಡುವ ಯಾವ ಹಂತದಲ್ಲೂ ಪ್ರಾಣಿಜನ್ಯ ವಸ್ತು ಬಳಸಬಾರದೆಂಬ ಕಾನೂನಿದೆ. ರೇಕಿನಿಂದ ರುಚಿಗೇನೂ ಲಾಭವಿಲ್ಲ. ಬೇಡವೆಂದು ಹೇಳಿದರೆ ಅಂಗಡಿಯವರಿಗೂ ಖರ್ಚು ಉಳಿಯುತ್ತದೆ.

ಇನ್ನು ‘ಕೂರ್ಗ್ ಸ್ಪೆಷಲ್’ ಎಂಬ ಚೀಟಿಯ ಬಗ್ಗೆ. ಪ್ರವಾಸಿಗರಿಗೆ ಮಾರುವ ಎಷ್ಟೋ ಡಬ್ಬಿಗಳ ಮೇಲೆ ಇದು ಇರುತ್ತದೆ. ಒಳಗಿರುವುದು ಎಸೆನ್ಸಿನ ಕಿತ್ತಳೆ ಬರ್ಫಿ, ಎಸೆನ್ಸಿನ ಏಲಕ್ಕಿ ಪೇಡ. ಕೊಡಗಿನ ಕಿತ್ತಳೆಗೂ ಏಲಕ್ಕಿಗೂ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಅಂಥ ಏಲಕ್ಕಿ ಕೈಗೆಟುಕುವಲ್ಲಿ ಇರುವಾಗ ಬಾಟಲಿಯ ವಾಸನೆ ಹನಿಸುವುದು ನೋವಿನ ಸಂಗತಿ. ಏಲಕ್ಕಿ ಬಳಸುವುದಕ್ಕೂ ಒಂದು ಕ್ರಮವಿದೆ. ಕಾಳು ಬಿಡಿಸಿ, ಹಿಡಿ ಸಕ್ಕರೆಯ ಜೊತೆ ಅಂದಂದೇ ಕುಟ್ಟಬೇಕು. ಸಿಹಿ ಒಲೆಯಿಂದ ಇಳಿದ ಮೇಲೆ ಬೆರೆಸಬೇಕು. ಕುದಿಯುವಾಗ ಹಾಕಿದರೆ ಪರಿಮಳ ಅಂಗಡಿ ತುಂಬ ಹರಡಿ ಸಿಹಿಯಲ್ಲಿ ಉಳಿಯುವುದಿಲ್ಲ. ವಾರದ ಹಿಂದೆ ಪುಡಿ ಮಾಡಿಟ್ಟದ್ದು ಹೊಟ್ಟಿಗೆ ಸಮ. ಕಿಲೋ ಪೇಡಕ್ಕೆ ಎಂಟು ಹತ್ತು ಒಳ್ಳೆಯ ಕಾಯಿ ಸಾಕು. ಕಪ್ಪು ಕಾಳು ತುಂಡುತುಂಡಾಗಿ ಪೇಡದಲ್ಲಿ ಕಾಣಿಸಿದರೆ ಅದು ನಿಜವಾದ ಏಲಕ್ಕಿಯ ಸಾಕ್ಷಿ.

ಕೊಡವರ ಮನೆಯ ತಂಬುಟ್ಟನ್ನು ಡಬ್ಬಿಯಲ್ಲಿ ಕಟ್ಟಿಕೊಡಿ ಎಂದು ಕೇಳುವವರೂ ಇದ್ದಾರೆ. ಹುರಿದ ಅಕ್ಕಿಯ ಪುಡಿಗೆ ಚೆನ್ನಾಗಿ ಹಣ್ಣಾದ ಬಾಳೆಹಣ್ಣು ಕಿವುಚಿ ಮಾಡುವ ತಿನಿಸು ಅದು. ಬಾಳೆಹಣ್ಣು ಹುಳಿಯಾಗತೊಡಗುವುದರಿಂದ ಅದೇ ದಿನ ಮುಗಿಯಬೇಕು. ಅದನ್ನು ವಾರ ಉಳಿಸಲು ಹೊರಟರೆ ಬಾಳೆಹಣ್ಣಿಗೆ ಬದಲು ಬೇರೇನೋ ಬರುತ್ತದೆ. ಪುಡಿಯನ್ನು ಮಾತ್ರ ಮಾರಲಿ, ಹಣ್ಣು ಮನೆಯಲ್ಲೇ ಸೇರಲಿ. ಒಣ ಡಬ್ಬಿಯಲ್ಲಿ ಪುಡಿ ತಿಂಗಳು ಇರುತ್ತದೆ.

ಕಾನೂನಿನ ಎರಡು ಅಂಶ ಗಿರಾಕಿಗಳಿಗೆ ಗೊತ್ತಿದ್ದರೆ ಚೆನ್ನ. ಬಿಡಿಯಾಗಿ ಮಾರುವ ಸಿಹಿಯ ತಟ್ಟೆಯ ಮುಂದೆ ಯಾವ ದಿನಾಂಕದೊಳಗೆ ತಿನ್ನಬೇಕೆಂದು ಬರೆದಿಡುವುದು 2020ರ ಅಕ್ಟೋಬರ್ 1ರಿಂದ ಕಡ್ಡಾಯ. ಮಾಡಿದ ದಿನಾಂಕ ಬರೆಯುವುದು ಅಂಗಡಿಯವರ ಇಚ್ಛೆ. ಆದರೆ ಒಳ್ಳೆಯ ಅಂಗಡಿಗಳು ಅದನ್ನೂ ಬರೆಯಲಿ ಎಂಬುದು ನಮ್ಮ ಆಸೆ. ಚಿಕ್ಕ ಹಲಗೆ, ಸೀಮೆಸುಣ್ಣ ಸಾಕು, ಅಷ್ಟಕ್ಕೆ ಖರ್ಚೇನಿಲ್ಲ. ಆಹಾರ ಪರವಾನಗಿಯ 14 ಅಂಕಿಯ ಸಂಖ್ಯೆ ಕಣ್ಣಿಗೆ ಕಾಣುವಂತಿರಬೇಕು. ದೂರಿದ್ದರೆ ಆಹಾರ ಸುರಕ್ಷತಾ ಪ್ರಾಧಿಕಾರದ ಉಚಿತ ಸಂಖ್ಯೆ 1800-112-100.

ಎರಡನೆಯದು ಡಬ್ಬಿಯ ತೂಕ. ಗಟ್ಟಿ ರಟ್ಟಿನ ಡಬ್ಬಿ 80 ಗ್ರಾಂ ತೂಗಿತೆನ್ನಿ, ಸಿಹಿ ಕಿಲೋಗೆ 600 ರೂಪಾಯಿ ಎನ್ನಿ. ಡಬ್ಬಿಯನ್ನೂ ಸೇರಿಸಿ ತೂಗಿದರೆ ರಟ್ಟಿಗೆ 48 ರೂಪಾಯಿ ಕೊಟ್ಟಂತಾಯಿತು. ತೂಕ ಯಾವಾಗಲೂ ಸಿಹಿಯದ್ದು ಮಾತ್ರ ಇರಬೇಕು. ಖಾಲಿ ಡಬ್ಬಿ ಇಟ್ಟು ಯಂತ್ರವನ್ನು ಸೊನ್ನೆಗೆ ತಂದು ಆಮೇಲೆ ತುಂಬುವುದು ಒಂದು ಗುಂಡಿ ಒತ್ತುವ ಕೆಲಸ. ಒಪ್ಪದಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ಅಂಗಡಿಯವರಲ್ಲೂ ಒಂದು ವಿನಂತಿ: ಸುದ್ದಿ ಪತ್ರಿಕೆಯ ಹಾಳೆಯಲ್ಲಿ ಜಿಲೇಬಿ, ಲಾಡು ಕಟ್ಟಬೇಡಿ. ಬಿಸಿ ತುಪ್ಪಕ್ಕೆ, ಪಾಕಕ್ಕೆ ಮುದ್ರಣದ ಶಾಯಿ ಅಂಟುತ್ತದೆ. ಬಾಡಿಸಿದ ಬಾಳೆ ಎಲೆ ಈ ಜಿಲ್ಲೆಯಲ್ಲಿ ಎಲ್ಲಿಯೂ ಸಿಗುತ್ತದೆ.

ಮದುವೆಗೆ, ಪುತ್ತರಿಗೆ ಹತ್ತಿಪ್ಪತ್ತು ಕಿಲೋ ಹೇಳುವವರು ಬರೀ ‘ಸ್ವೀಟ್ ಇಪ್ಪತ್ತು ಕಿಲೋ’ ಎಂದು ಮುಂಗಡ ಕೊಟ್ಟು ಬರಬೇಡಿ. ಚೀಟಿಯಲ್ಲಿ ಬರೆಸಿ: ಯಾವ ಸಿಹಿ, ಗಟ್ಟಿಯೋ ಮೆತ್ತಗೋ, ತುಪ್ಪವೋ ಎಣ್ಣೆಯೋ, ಡಬ್ಬಿ ಬಿಟ್ಟು ಎಷ್ಟು ತೂಕ, ಯಾವ ದಿನ ಕಾಯಿಸುತ್ತಾರೆ, ಎಷ್ಟು ಹೊತ್ತಿಗೆ ಒಯ್ಯಬೇಕು. ಲಾಡುವಾದರೆ ಕಿಲೋಗೆ ಎಷ್ಟು ಉಂಡೆ ಎಂದೂ ಬರೆಸಿ. ಎಲೆಗೊಂದು ಬಡಿಸುವುದಕ್ಕೆ 40 ಗ್ರಾಂ ಉಂಡೆಯಾದರೆ ಕಿಲೋಗೆ 25 ಬರುತ್ತದೆ, ಆ ಲೆಕ್ಕದಲ್ಲಿ 500 ಜನಕ್ಕೆ 20 ಕಿಲೋ. ಬಾಯಿಮಾತಿನಲ್ಲಿ ಬಿಟ್ಟರೆ ಉಂಡೆ 60 ಗ್ರಾಂ ಆಗಿ ಬಡಿಸುವಾಗ ನೂರೈವತ್ತಕ್ಕೂ ಹೆಚ್ಚು ಎಲೆಗೆ ಸಾಲದೆ ಬರುತ್ತದೆ. ಖೋವಾದ ಸಿಹಿಯನ್ನು ಹಿಂದಿನ ದಿನ ಸಂಜೆಗೆ ಮೊದಲು ಕಾಯಿಸಬೇಡಿ ಎಂದು ಹೇಳಿ. ಮೈಸೂರು ಪಾಕ್, ಲಾಡು ಎರಡು ದಿನ ಮೊದಲೇ ಆದರೂ ಚಿಂತೆಯಿಲ್ಲ. ಹಬ್ಬದ ಮುನ್ನಾದಿನ ಹೋಗಿ ನಾಳೆಗೇ ಬೇಕೆಂದು ಹಟ ಹಿಡಿದರೆ ಹೊರಗಿನಿಂದ ತಂದ ಖೋವಾ, ಆರದ ಸಿಹಿ, ಅವಸರದ ಪಾಕವೇ ಡಬ್ಬಿ ತುಂಬುತ್ತದೆ. ದಸರಾಕ್ಕೆ ಹತ್ತು ದಿನ, ಪುತ್ತರಿಗೆ ಒಂದು ವಾರ ಮೊದಲು ಹೇಳಿಟ್ಟರೆ ಹಾಲು, ತುಪ್ಪ ಹೊಂದಿಸಿಕೊಳ್ಳಲು ಅಂಗಡಿಯವರಿಗೆ ಸಮಯ ಸಿಗುತ್ತದೆ.

ಇಂತಿ,
ಸಿಹಿ ಕೆಲಸ ಬಲ್ಲ ಇಬ್ಬರು ಓದುಗರು
ಮಡಿಕೇರಿ